ಬಂಡೆಯ ಬೆನ್ನ ಮೇಲೊಂದು ಹಗಲು

ಒಂದು ದಿನದ ಕಾರು ಸುತ್ತಾಟಕ್ಕೆ ಹೊರಡುವವರು ಮೊದಲು ಊರು ಆರಿಸುತ್ತಾರೆ, ಆಮೇಲೆ ಕಾರು ಗೊತ್ತು ಮಾಡುತ್ತಾರೆ. ಡ್ರೈವರ್ ಯಾರೆಂಬುದು ತಿಳಿಯುವುದು ಬೆಳಗ್ಗೆ ಕಾರು ಮನೆ ಮುಂದೆ ಬಂದು ನಿಂತಾಗಲೇ. ನಾನು ಬಹಳ ವರ್ಷಗಳಿಂದ ಮೊದಲು ಡ್ರೈವರ್‌ನನ್ನು ಹುಡುಕುತ್ತೇನೆ. ನಾನು ನೋಡಬೇಕೆಂದಿರುವ ಸೀಮೆಯಲ್ಲೇ ಹುಟ್ಟಿದವರಾಗಿರಬೇಕು, ಅಲ್ಲಿ ಅವರಿಗೊಂದು ಮನೆಯೋ ಹೊಲವೋ ಇರಬೇಕು, ದಾರಿಯಲ್ಲಿ ನಾಲ್ಕು ಜನ ಅವರನ್ನು ಕೈಯೆತ್ತಿ ಮಾತಾಡಿಸಬೇಕು. ಇಷ್ಟಿದ್ದರೆ ಕಾರು ಹಳೆಯದಾದರೂ ಚಿಂತೆಯಿಲ್ಲ.

ಇದನ್ನು ಕಲಿತದ್ದು ಒಂದು ಹಾಳಾದ ಭಾನುವಾರದಿಂದ. ಬೆಂಗಳೂರಿನ ಒಂದು ಪ್ರವಾಸ ಏಜೆನ್ಸಿಯ ಮೂಲಕ ರಾಮನಗರದ ಕಡೆ ಹೊರಟಿದ್ದೆವು. ಕೈಗೆ ಕೊಟ್ಟ ಚೀಟಿಯಲ್ಲಿ ಹನ್ನೊಂದು ಜಾಗಗಳ ಹೆಸರಿತ್ತು. ಡ್ರೈವರ್ ಹುಡುಗ ಒಳ್ಳೆಯವನು, ಆದರೆ ಅವನೂ ಈ ಕಡೆ ಬಂದದ್ದು ಅದೇ ಮೊದಲು. ಫೋನಿನ ನಕ್ಷೆ ಹೇಳಿದ ಕಡೆ ತಿರುಗಿಸಿದ, ಹೇಳಿದಲ್ಲಿ ನಿಲ್ಲಿಸಿದ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದಾಗ ಹರಾಜು ಮುಗಿದು ನೆಲ ಗುಡಿಸುತ್ತಿದ್ದರು. ಗುಡಿಗಳೆಲ್ಲ ಮಧ್ಯಾಹ್ನಕ್ಕೆ ಬಾಗಿಲು ಹಾಕಿದ್ದವು. ಬೆಟ್ಟದ ಬುಡಕ್ಕೆ ಬಂದಾಗ ಎರಡು ಗಂಟೆ, ಬಂಡೆ ಕಾದ ಹೆಂಚಾಗಿತ್ತು. ಚೀಟಿಯಲ್ಲಿ ಹನ್ನೊಂದೂ ಹೆಸರಿನ ಮುಂದೆ ಗುರುತು ಬಿತ್ತು. ಮನೆಗೆ ಬಂದ ಮೇಲೆ ಒಂದು ಜಾಗವೂ ಮನಸ್ಸಿನಲ್ಲಿ ನಿಂತಿರಲಿಲ್ಲ.

ಶ್ರೀಲಂಕಾಕ್ಕೋ ಬಾಲಿಗೋ ಹೋಗಿಬಂದ ನಮ್ಮವರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ. ಅಲ್ಲಿ ದಿನದ ಲೆಕ್ಕಕ್ಕೆ ಕಾರು ಹಿಡಿದರೆ ಡ್ರೈವರೇ ಗೈಡು. ಯಾವ ಗುಡಿಗೆ ಎಷ್ಟು ಹೊತ್ತಿಗೆ, ಎಳನೀರು ಎಲ್ಲಿ, ಯಾವ ತಿರುವಿನಲ್ಲಿ ಕಾರು ನಿಲ್ಲಿಸಿದರೆ ಕಡಲು ಚೆಂದ ಕಾಣುತ್ತದೆ, ಎಲ್ಲ ಅವರಿಗೆ ಗೊತ್ತು. ಶ್ರೀಲಂಕಾದಲ್ಲಂತೂ ಚಾಲಕ-ಮಾರ್ಗದರ್ಶಿ ಎಂದೇ ಸರ್ಕಾರದ ಪರವಾನಗಿ ಇದೆ. ನಮಗೆ ಅಂಥ ದ್ವೀಪ ಎಲ್ಲಿದೆ ಎನ್ನಬೇಡಿ. ರಾಗಿ ಹೊಲಗಳ ನಡುವೆ ಇದ್ದಕ್ಕಿದ್ದಂತೆ ಎದ್ದು ನಿಂತ ಒಂಟಿ ಬೆಟ್ಟಗಳನ್ನು ಭೂವಿಜ್ಞಾನಿಗಳು ಇನ್ಸೆಲ್‌ಬರ್ಗ್ ಎನ್ನುತ್ತಾರೆ. ಜರ್ಮನ್ ಮಾತು, ದ್ವೀಪಬೆಟ್ಟ ಎಂದರ್ಥ. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳೆಂದರೆ ಹಸಿರಿನ ನಡುವೆ ಅಂಥ ಕಲ್ಲಿನ ದ್ವೀಪಗಳ ಗುಂಪು. ಬೆಂಗಳೂರಿನಿಂದ ಮಾಗಡಿ ರಸ್ತೆಯಲ್ಲಿ ಹೊರಟು ಕನಕಪುರ ರಸ್ತೆಯಲ್ಲಿ ವಾಪಸು ಬಂದರೆ ನಾಲ್ಕೂ ತಾಲ್ಲೂಕಿಗೆ ಒಂದು ಸುತ್ತು. ಬಂದ ದಾರಿಯಲ್ಲಿ ಎಲ್ಲೂ ಹಿಂದಿರುಗಬೇಕಿಲ್ಲ.

ಈ ಸಲದ ಡ್ರೈವರ್ ರಾಮನಗರದ ಪಕ್ಕದ ಹಳ್ಳಿಯವರು, ಐವತ್ತರ ಆಸುಪಾಸು. ಬೆಳಗ್ಗೆ ಐದೂಕಾಲಿಗೆ ನಮ್ಮ ಬೀದಿಯಲ್ಲಿದ್ದರು. ನಾನು ಬರೆದಿಟ್ಟುಕೊಂಡಿದ್ದ ಪಟ್ಟಿಯನ್ನು ಓದಿ ಹೇಳಿದೆ. ಕೊನೆಯಲ್ಲಿ ಸಂಗಮ, ಮೇಕೆದಾಟು ಎಂದು ಬಂದಾಗ ತಲೆಯಾಡಿಸಿದರು. “ಸಾರ್, ಸಂಗಮ ಬ್ಯಾಡ ಇವತ್ತು. ಸಂಗಮಕ್ಕೆ ಹೋದ್ರೆ ಸಂಗಮ ಒಂದೇ. ಮಿಕ್ಕಿದ್ದೆಲ್ಲ ಕಿಟಕೀಲಿ ನೋಡ್ಕಂಡು ಹೋಗ್ಬೇಕಾಯ್ತದೆ.” ಅಲ್ಲಿಗೆ ಪಟ್ಟಿ ಅರ್ಧವಾಯಿತು. ಬಲ್ಲವರ ಜೊತೆ ಹೊರಟಾಗ ಸಿಗುವ ಮೊದಲ ಲಾಭ ಇದು.

ತಾವರೆಕೆರೆ ದಾಟಿ ಮುಂದೆ ಹೋದರೆ ಮಾಗಡಿ ರಸ್ತೆ ಅರ್ಕಾವತಿಯನ್ನು ದಾಟುತ್ತದೆ. ನಂದಿಬೆಟ್ಟದ ಕಡೆ ಹುಟ್ಟಿ ಬರುವ ಹೊಳೆ ಇದು. ಮೇಲ್ಗಡೆ ತಿಪ್ಪಗೊಂಡನಹಳ್ಳಿಯ ಅಣೆಕಟ್ಟೆ ಇದೆ. 1933ರಿಂದ ಬೆಂಗಳೂರಿನ ಎಷ್ಟೋ ಮನೆಗಳ ನಲ್ಲಿಗೆ ನೀರು ಕೊಟ್ಟದ್ದು ಅದೇ. ಇಲ್ಲಿ ಹೊಳೆಯನ್ನು ಒಮ್ಮೆ ಇಳಿದು ನೋಡಿಕೊಳ್ಳಿ. ಈ ದಿನ ಇದೇ ಹೊಳೆಯನ್ನು ಇನ್ನೂ ಎರಡು ಸಲ ಕಾಣಲಿದ್ದೇವೆ.

ಸಾವನದುರ್ಗವನ್ನು ಬೆಳಗಿನ ಮೊದಲ ಬಿಸಿಲಿನಲ್ಲಿ ನೋಡಬೇಕು. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ತಲೆ. ಬುಡದಲ್ಲಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿಯ ಗುಡಿಗಳಿವೆ. ಸೂರ್ಯ ಮೇಲೇರುವಾಗ ಬಂಡೆಯ ಬಣ್ಣ ಬೂದಿಯಿಂದ ಗುಲಾಬಿಗೆ ತಿರುಗುತ್ತದೆ, ಹತ್ತು ನಿಮಿಷಕ್ಕೊಂದು ಬಣ್ಣ. ಹತ್ತುವ ಆಸೆಯಿದ್ದರೆ ಅದಕ್ಕೇ ಬೇರೆ ದಿನ ಇಟ್ಟುಕೊಳ್ಳಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ನೀರು ಬಿದ್ದ ಬಂಡೆಯ ಮೇಲೆ ಕಾಲು ಜಾರಿ ಜೀವ ಕಳೆದುಕೊಂಡವರಿದ್ದಾರೆ.

ಬುಡದಲ್ಲೇ ಒಂದು ಗಂಟೆ ಕಳೆಯಲು ಬೇಕಾದಷ್ಟಿದೆ. ಬಂಡೆಯ ಮೇಲೆ ಅಂಗೈ ಇಟ್ಟು ಹತ್ತಿರದಿಂದ ನೋಡಿ. ಹೆಬ್ಬೆರಳಿನ ಉಗುರಿನಷ್ಟು, ಕೆಲವೆಡೆ ಬೆರಳಿನಷ್ಟೇ ಉದ್ದದ ಗುಲಾಬಿ ಹರಳುಗಳು ಬೂದು ಕಲ್ಲಿನೊಳಗೆ ಕೂತಿರುತ್ತವೆ, ಹಲವು ಕಡೆ ಒಂದೇ ದಿಕ್ಕಿಗೆ ತಲೆ ಹಾಕಿ ಮಲಗಿರುತ್ತವೆ. ನೆಲದಾಳದಲ್ಲಿ ಕರಗಿದ ಕಲ್ಲು ನಿಧಾನವಾಗಿ ಹರಿಯುತ್ತ ತಣ್ಣಗಾದಾಗ ಹರಳುಗಳು ಹರಿವಿನ ಜೊತೆ ಸಾಲುಗಟ್ಟಿದ ಗುರುತು ಅದು. ವಯಸ್ಸು ಸುಮಾರು 250 ಕೋಟಿ ವರ್ಷ. ಇದರ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಕನಕಪುರದ ಕಡೆಯಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಉದ್ದಕ್ಕೆ ಒಂದು ಪಟ್ಟಿಯಂತೆ ಸಾಗುತ್ತದೆ. ಇಡೀ ದಿನ ನಮ್ಮ ಕಾರು ಓಡುವುದು ಈ ಪಟ್ಟಿಯ ಮೇಲೇ.

ಸಾವನದುರ್ಗದ ಮೇಲಿದ್ದ ಟಿಪ್ಪುವಿನ ಕೋಟೆಯನ್ನು ಗೆಲ್ಲಲಾಗದು ಎಂಬ ನಂಬಿಕೆಯಿತ್ತು. ಸುತ್ತ ದಟ್ಟ ಬಿದಿರು ಕಾಡು, ಅದರೊಳಗೆ ಜ್ವರ. ಕಾರ್ನ್‌ವಾಲಿಸ್‌ನ ಸೇನೆ 1791ರ ಡಿಸೆಂಬರ್ 21ರಂದು ಇದನ್ನು ಹಿಡಿಯಿತು. ಡೇವಿಡ್ ಲೀನ್ ತನ್ನ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಮರಬಾರ್ ಬೆಟ್ಟಕ್ಕೆಂದು ಆರಿಸಿಕೊಂಡದ್ದು ಕೂಡ ಈ ಬಂಡೆಯನ್ನೇ. ಬಿಹಾರದ ಗುಹೆಗಳ ಕಥೆಗೆ ಮಾಗಡಿಯ ಕಲ್ಲು ಒದಗಿತು.

ಮಾಗಡಿಯಲ್ಲಿ ತಿಂಡಿ. ಬಿಡದಿಯ ತಟ್ಟೆ ಇಡ್ಲಿ ಈ ದಾರಿಯಲ್ಲಿ ತಪ್ಪುತ್ತದಲ್ಲ ಎಂಬ ಕೊರಗು ಬೇಡ, ಇಲ್ಲೂ ತಟ್ಟೆ ಇಡ್ಲಿ ಚೆನ್ನಾಗಿರುತ್ತದೆ. ಅವರೆಕಾಯಿ ಕಾಲವಾದರೆ ಒಂದೆರಡು ಕೆ.ಜಿ. ಸೊಗಡಿನ ಕಾಯಿ ಕೊಂಡು ಡಿಕ್ಕಿಗೆ ಹಾಕಿಕೊಳ್ಳಿ. ಬೆಂಗಳೂರಿನವರು ಈ ಊರಿಗೆ ಒಂದು ನಮಸ್ಕಾರ ಹೇಳಿಯೇ ಮುಂದೆ ಹೋಗಬೇಕು. 1638ರಲ್ಲಿ ಬೆಂಗಳೂರು ಬಿಜಾಪುರದ ಪಾಲಾದ ಮೇಲೆ ಕೆಂಪೇಗೌಡರ ಮನೆತನ ನೆಲೆ ನಿಂತದ್ದು ಇಲ್ಲಿ. ಮನೆತನದ ಆಳ್ವಿಕೆಯನ್ನು 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಮುಗಿಸುವವರೆಗೂ ಮಾಗಡಿಯೇ ಅವರ ಊರು. ತಿರುಮಲೆಯ ರಂಗನಾಥಸ್ವಾಮಿಯ ದರ್ಶನ ಮಾಡಿಕೊಂಡು, ಸೋಮೇಶ್ವರನ ಗುಡಿಯ ಗೋಪುರಗಳನ್ನು ಕಣ್ತುಂಬ ನೋಡಿ ಹೊರಟೆವು. ಇಲ್ಲೇ ನಿಂತರೆ ಗೂಡಿನ ಮಾರುಕಟ್ಟೆ ಕೈತಪ್ಪುತ್ತದೆ ಎಂದು ಡ್ರೈವರ್ ಎರಡು ಸಲ ಗಡಿಯಾರ ನೋಡಿಯಾಗಿತ್ತು.

ಮಾಗಡಿಯಿಂದ ರಾಮನಗರಕ್ಕೆ ಬರುವ ದಾರಿ ಈ ಸುತ್ತಿನ ಅತ್ಯಂತ ಚೆಲುವಾದ ದಾರಿ. ಎರಡೂ ಬದಿ ಮಾವಿನ ತೋಪು, ಹಿಪ್ಪುನೇರಳೆ ತೋಟ, ನಡುನಡುವೆ ತಲೆ ಎತ್ತಿದ ಬಂಡೆ. ರಾಮನಗರದ ಬಾದಾಮಿ, ಸೇಂದೂರ ಮಾವು ಕೋಲಾರದ ಮಾವಿಗಿಂತ ಮೊದಲೇ ಪೇಟೆಗೆ ಬರುತ್ತದೆ. ಏಪ್ರಿಲ್ ಕೊನೆಗೆ ಹೊರಟರೆ ತೋಪಿನ ಬಾಗಿಲಲ್ಲೇ ಹಣ್ಣು ಸಿಕ್ಕೀತು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಎಂಬ ಮಾತನ್ನು ಶಾಲೆಯಲ್ಲಿ ಓದಿದವರು ಬಹಳ. ಒಳಗೆ ಕಾಲಿಟ್ಟವರು ಕಡಿಮೆ. ಹತ್ತೂವರೆಯ ಹೊತ್ತಿಗೆ ಒಳಹೊಕ್ಕೆವು. ಉದ್ದಕ್ಕೂ ಗೂಡುಗಳ ರಾಶಿ, ಒಂದು ಕಡೆ ಬಿಳಿಯ ದ್ವಿತಳಿ, ಇನ್ನೊಂದು ಕಡೆ ಹಳದಿ ಮಿಶ್ರತಳಿ. ಗೂಡಿನೊಳಗಿನ ಕೋಶದ ಒಂದು ಬಗೆಯ ಹಸಿ ವಾಸನೆ ಮೂಗಿಗೆ ಬಡಿಯುತ್ತದೆ. ಮೂಗು ಮುಚ್ಚಬೇಡಿ, ಪಕ್ಕದಲ್ಲಿ ಆ ಗೂಡು ಬೆಳೆದವರು ನಿಂತಿರುತ್ತಾರೆ. ಗೂಡಿನಿಂದ ನೂಲು ಬಿಚ್ಚುವ ರೀಲರುಗಳು ಲಾಟಿನಿಂದ ಲಾಟಿಗೆ ನಡೆಯುತ್ತ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ತಳದ ಗೂಡನ್ನು ಎತ್ತುತ್ತಾರೆ. ಮೇಲಿನ ಗೂಡು ಎಲ್ಲರಿಗೂ ಚೆಂದ ಕಾಣುತ್ತದೆ, ಬೆಲೆ ಕಟ್ಟಬೇಕಾದದ್ದು ತಳದ್ದಕ್ಕೆ. ಬೆರಳಲ್ಲಿ ಒತ್ತಿ ಗಟ್ಟಿತನ ನೋಡುತ್ತಾರೆ, ಕಿವಿಯ ಬಳಿ ಅಲುಗಿಸುತ್ತಾರೆ, ಕಲೆಯಾದವು ಎಷ್ಟಿವೆ, ಎರಡು ಹುಳು ಕೂಡಿ ಕಟ್ಟಿದ ಜೋಡಿಗೂಡು ಎಷ್ಟಿವೆ ಎಂದು ಕಣ್ಣಲ್ಲೇ ಲೆಕ್ಕ ಹಾಕುತ್ತಾರೆ. ಹಿಂದೆ ಕೂಗಿ ಹರಾಜು ಹಾಕುತ್ತಿದ್ದರು. ಈಗ ರೀಲರು ಫೋನಿನಲ್ಲೇ ಲಾಟಿನ ನಂಬರಿಗೆ ಬೆಲೆ ಒತ್ತುತ್ತಾನೆ. ಗದ್ದಲ ಕಡಿಮೆಯಾಗಿದೆ, ರೈತನ ಮುಖದ ಆತಂಕ ಹಾಗೇ ಇದೆ.

ಡ್ರೈವರ್ ಒಂದು ಗೂಡನ್ನು ನನ್ನ ಹೆಂಡತಿಯ ಅಂಗೈಗೆ ಹಾಕಿದರು. “ನಮ್ಮವ್ವ ಹುಳ ಸಾಕೋಳು ಅಮ್ಮ. ನಾಕನೇ ಜ್ವರ ಎದ್ದ ಮೇಲೆ ಮನೇಲಿ ಯಾರ್ಗೂ ನಿದ್ದೆ ಇಲ್ಲ. ರಾತ್ರಿಯೆಲ್ಲ ಸೊಪ್ಪು ಮೇಯೋ ಸದ್ದು ಮಳೆ ಹುಯ್ದಂಗೆ ಕೇಳದು.” ಹುಳು ಪೊರೆ ಬಿಡುವುದಕ್ಕೆ ನಮ್ಮ ರೈತರು ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿ, ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಹತ್ತುವುದಕ್ಕೆ ಸುಮಾರು 25 ದಿನ. ಗೂಡು ಕಟ್ಟಿದ ಮೇಲೆ ಹೆಚ್ಚು ದಿನ ಕಾಯುವಂತಿಲ್ಲ. ಒಳಗಿನ ಕೋಶ ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಬಂದರೆ ಎಳೆ ತುಂಡಾಗುತ್ತದೆ, ನೂಲು ಬಿಚ್ಚಲು ಬರುವುದಿಲ್ಲ. ಹಾಗಾಗಿ ತಂದ ಗೂಡನ್ನು ಇವತ್ತಿನ ಬೆಲೆ ಎಷ್ಟೇ ಇರಲಿ ಮಾರಲೇಬೇಕು. ಒಳ್ಳೆಯ ದ್ವಿತಳಿ ಗೂಡೊಂದರಲ್ಲಿ ಒಂದು ಕಿಲೋಮೀಟರಿನಷ್ಟು ಉದ್ದದ ಎಳೆ ಇರುತ್ತದೆ. ಅಂಗೈಯಲ್ಲಿದ್ದ ಆ ಗೂಡನ್ನು ರಾಶಿಗೇ ಹಿಂದಿರುಗಿಸಿ ಬಂದೆವು. ನೀವೂ ಹಾಗೆ ಮಾಡಿ, ನೆನಪಿಗೆಂದು ಜೇಬಿಗೆ ಹಾಕಬೇಡಿ. ಅದು ತೂಕದ ಮಾಲು.

ಊರಿನೊಳಗೆ ಅರ್ಕಾವತಿಯ ಎರಡನೆಯ ಭೇಟಿ. ಸೇತುವೆಯ ಮೇಲೆ ಡ್ರೈವರ್ ಊರಿನ ಹೆಸರುಗಳ ಕಥೆ ಹೇಳಿದರು. ಟಿಪ್ಪುವಿನ ಕಾಲಕ್ಕೆ ಶಂಸೇರಾಬಾದ್. ಆಮೇಲೆ ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆ. ಈ ಸೀಮೆಯ ಮಗನಾದ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ರಾಮನಗರ. 2007ರಲ್ಲಿ ಜಿಲ್ಲೆಯಾಯಿತು, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವಾಯಿತು. ಊರು ಬಿಟ್ಟ ಕ್ಲೋಸ್‌ಪೇಟೆಯ ಹೆಸರನ್ನು ಬಂಡೆ ಮಾತ್ರ ಇಟ್ಟುಕೊಂಡಿದೆ. ಪ್ರಪಂಚದ ಯಾವ ಭೂವಿಜ್ಞಾನದ ಪುಸ್ತಕದಲ್ಲೂ ಅದು ಕ್ಲೋಸ್‌ಪೇಟೆ ಗ್ರಾನೈಟೇ.

ರಾಮದೇವರ ಬೆಟ್ಟಕ್ಕೆ ಬಂದವರೆಲ್ಲ ‘ಶೋಲೆ’ ಎಲ್ಲಿ ಎಂದು ಕೇಳುತ್ತಾರೆ. 1975ರ ಆಗಸ್ಟ್ 15ರಂದು ತೆರೆಕಂಡ ಚಿತ್ರ. ಹಳ್ಳಿಯ ಸೆಟ್ ಈಗಿಲ್ಲ, ಬಂಡೆಗಳಿವೆ. ನನ್ನ ಕೋರಿಕೆ ಬೇರೆ. ಮೆಟ್ಟಿಲು ಹತ್ತುವಾಗ ಕೆಳಗೆ ನೋಡುವ ಬದಲು ಎದುರಿನ ಬಂಡೆಯ ಸಂದುಗಳನ್ನು ನೋಡಿ. ಬಿಳಿ ಹಿಕ್ಕೆ ಸುರಿದ ಗೋಡೆ ಕಂಡರೆ ಅದು ಉದ್ದಕೊಕ್ಕಿನ ರಣಹದ್ದಿನ ಮನೆ. 2012ರಲ್ಲಿ ಈ ಬೆಟ್ಟವನ್ನು ರಣಹದ್ದುಧಾಮವೆಂದು ಸರ್ಕಾರ ಘೋಷಿಸಿತು; ದೇಶದಲ್ಲಿ ಇಂಥದ್ದು ಇದೇ ಮೊದಲು. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಜೊತೆ ಹದ್ದಿನ ಹೊಟ್ಟೆ ಸೇರಿ ಮೂತ್ರಪಿಂಡ ಕೆಡಿಸುತ್ತಿತ್ತು. 2006ರಲ್ಲಿ ಪಶುವೈದ್ಯದಲ್ಲಿ ಅದನ್ನು ನಿಷೇಧಿಸುವ ಹೊತ್ತಿಗೆ ದೇಶದ ರಣಹದ್ದುಗಳಲ್ಲಿ ಬಹುಪಾಲು ಹೋಗಿಬಿಟ್ಟಿದ್ದವು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಅದು, ಕಳೆದುಕೊಂಡದ್ದನ್ನು ತುಂಬಿಕೊಳ್ಳುವುದು ಬಲು ನಿಧಾನ. ಇಲ್ಲಿ ಉಳಿದಿರುವವು ಬೆರಳೆಣಿಕೆ. ಅಂದು ನಮಗೆ ಒಂದು ಕಂಡಿತು. ಬಂಡೆ ಕಾಯುತ್ತ ಬಂದು ಗಾಳಿ ಮೇಲೇಳುವ ಹೊತ್ತಿಗೆ ಸಂದಿನಿಂದ ಹೊರಬಿದ್ದು, ರೆಕ್ಕೆಯನ್ನು ಒಂದು ಸಲವೂ ಬಡಿಯದೆ ಎರಡು ಸುತ್ತು ಹಾಕಿ ಮೇಲಕ್ಕೇರಿತು. ಕಾಲೇಜು ಹುಡುಗರ ಗುಂಪೊಂದು ಕೆಳಗೆ ಫೋನಿನಲ್ಲಿ ಹಾಡು ಹಾಕಿಕೊಂಡು ಕೂಗುತ್ತಿತ್ತು. ಡ್ರೈವರ್ ಹತ್ತಿರ ಹೋಗಿ, “ಮಕ್ಳಾ, ಗೂಡೈತೆ ಮೇಲೆ, ಸ್ವಲ್ಪ ಮೆಲ್ಲಗೆ” ಎಂದರು. ಹುಡುಗರು ಹಾಡು ನಿಲ್ಲಿಸಿ ತಾವೂ ಮೇಲೆ ನೋಡತೊಡಗಿದರು.

ಊಟ ಹಳೆಯ ಮೈಸೂರು ರಸ್ತೆಯ ಬದಿಯ ಮುದ್ದೆ ಹೋಟೆಲಿನಲ್ಲಿ. ಡ್ರೈವರ್‌ಗೆ ಮುದ್ದೆ, ನಾಟಿಕೋಳಿ ಸಾರು; ನಮಗೆ ಮುದ್ದೆ, ಬಸ್ಸಾರು. ಡ್ರೈವರ್ ಬೇರೆ ಮೇಜಿಗೆ ಹೋಗಲು ಹೊರಟಾಗ ಕರೆದು ಕೂರಿಸಿಕೊಳ್ಳಿ. ಇಡೀ ಹಗಲು ನಮ್ಮನ್ನು ಊರಿಗೆ ಪರಿಚಯಿಸುವವರು ಊಟದ ಹೊತ್ತಿಗೆ ಪರಕೀಯರಾಗಬಾರದು.

ಪಕ್ಕದಲ್ಲೇ ಜಾನಪದ ಲೋಕ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ 15 ಎಕರೆಯಲ್ಲಿ ಇದನ್ನು ತೆರೆದರು. ತೊಗಲುಗೊಂಬೆ, ಯಕ್ಷಗಾನದ ವೇಷಗಳ ಮುಂದೆ ಜನ ನಿಲ್ಲುತ್ತಾರೆ. ನನಗೆ ಇಷ್ಟ ಲೋಕಮಾತಾ ಮಂದಿರದ ಅಡುಗೆಮನೆ ಸಾಮಾನು: ಒರಳು, ಮೊರ, ಮಡಕೆ, ಕಡೆಗೋಲು. ಡ್ರೈವರ್ ಒಂದೊಂದರ ಮುಂದೆಯೂ ಇದು ನಮ್ಮನೇಲಿತ್ತು, ಇದು ನಮ್ಮ ದೊಡ್ಡಪ್ಪನ ಮನೇಲಿ ಇನ್ನೂ ಐತೆ ಎನ್ನುತ್ತ ಹೋದರು. ಮುಕ್ಕಾಲು ಗಂಟೆ ಎಂದುಕೊಂಡದ್ದು ಒಂದೂವರೆ ಗಂಟೆಯಾಯಿತು.

ಚನ್ನಪಟ್ಟಣದಲ್ಲಿ ಅಂಗಡಿಗೆ ಮೊದಲು ಕಾರ್ಖಾನೆಗೆ ಹೋಗಬೇಕು. ಡ್ರೈವರ್ ಕರೆದೊಯ್ದದ್ದು ಒಂದು ಓಣಿಯ ಮನೆಗೆ. ಮುಂದಿನ ಕೋಣೆಯಲ್ಲಿ ಎರಡು ಲೇತು, ನೆಲದ ತುಂಬ ಮರದ ಹೊಟ್ಟು. ಕೆಲಸಗಾರರು ಸ್ಟೂಲು ಎಳೆದು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಆಲೆ ಮರದ ತುಂಡು, ಚೆನ್ನಾಗಿ ಒಣಗಿದ್ದು, ಸುಲಿದ ಬಾದಾಮಿಯಷ್ಟು ಬಿಳುಪು. ಲೇತಿಗೆ ಸಿಕ್ಕಿಸಿ ಉಳಿ ಒತ್ತಿದರೆ ಸುರುಳಿ ಸುರುಳಿಯಾಗಿ ಸಿಪ್ಪೆ ಹಾರಿ ಎರಡು ನಿಮಿಷದಲ್ಲಿ ಬುಗುರಿಯ ಹೊಟ್ಟೆ, ಕತ್ತು, ಮೂತಿ ಮೂಡಿದವು. ಅಳತೆಗೋಲಿಲ್ಲ, ಕಣ್ಣೇ ಅಳತೆ. ಆಮೇಲೆ ಬಣ್ಣ. ಡಬ್ಬಿಯಿಲ್ಲ, ಕುಂಚವಿಲ್ಲ. ಬಣ್ಣ ಬೆರೆಸಿ ಕಡ್ಡಿ ಮಾಡಿಟ್ಟ ಅರಗನ್ನು ತಿರುಗುವ ಮರಕ್ಕೆ ಒತ್ತಿದರು. ಉಜ್ಜಾಟಕ್ಕೆ ಬಿಸಿಯೇರಿ ಅರಗು ಕರಗಿ ಮರಕ್ಕೆ ಕಚ್ಚಿಕೊಂಡಿತು, ಹಳದಿಯ ಪಕ್ಕ ಕೆಂಪು, ಕೆಂಪಿನ ಪಕ್ಕ ಹಸಿರು. ಈಗಿನ್ನೂ ಬಣ್ಣ ಮಂಕು, ಅಲ್ಲಲ್ಲಿ ದಪ್ಪ. ಕೊನೆಗೆ ಒಣ ತಾಳೆಗರಿಯ ತುಂಡನ್ನು ಒತ್ತಿ ಹಿಡಿದರು. ಗರಿ ಜಾರಿದ ಕಡೆಯೆಲ್ಲ ಅರಗು ಸಮನಾಗಿ ಹರಡಿ ಕನ್ನಡಿಯ ಹೊಳಪು ಬಂತು. ಕೈಗೆ ಕೊಟ್ಟಾಗ ಬುಗುರಿ ಇನ್ನೂ ಬೆಚ್ಚಗಿತ್ತು.

ಆ ಬೆಚ್ಚಗಿನ ಬುಗುರಿ ಹಿಡಿದ ಮೇಲೆ ಅಸಲಿ ಮಾಲು ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅರಗಿನ ಗೊಂಬೆಯಲ್ಲಿ ಕುಂಚದ ಗೆರೆ ಕಾಣುವುದಿಲ್ಲ, ಬಣ್ಣ ಬಣ್ಣವನ್ನು ಮುಟ್ಟುವ ಕಡೆ ಉಗುರಿಗೆ ಏರು ಸಿಗುವುದಿಲ್ಲ. ಭೌಗೋಳಿಕ ಸೂಚಿಯ ರಕ್ಷಣೆ ಈ ಗೊಂಬೆಗಿದೆ. ರಕ್ಷಣೆ ಕಾಗದದಲ್ಲಿದ್ದರೂ ಗಿರಾಕಿ ರಸ್ತೆಯಲ್ಲಿ ಬರಬೇಕಲ್ಲ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ವಾಹನಗಳು ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬೈಪಾಸಿನಲ್ಲೇ ದಾಟಿಹೋಗುತ್ತವೆ. ಮುಂಚೆ ಮೈಸೂರಿಗೆ ಹೋಗುವ ಪ್ರತಿ ಬಸ್ಸು, ಪ್ರತಿ ಕಾರಿನ ಕಿಟಕಿಗೂ ಈ ಗೊಂಬೆ ಅಂಗಡಿಗಳು ಕಾಣುತ್ತಿದ್ದವು. ಮಕ್ಕಳು ಹಟ ಮಾಡಿ ನಿಲ್ಲಿಸುತ್ತಿದ್ದರು. ಆ ಹಟದ ಮೇಲೆ ಎಷ್ಟೋ ಮನೆಗಳ ಒಲೆ ಉರಿಯುತ್ತಿತ್ತು.

ಅಲ್ಲಿಂದ ಸಾತನೂರಿನ ದಾರಿ. ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಇನ್ನೊಂದು ಬೆಳಗ್ಗೆ ಬರುತ್ತೇವೆಂದು ಹೇಳಿಕೊಂಡು ತೆಂಗಿನ ತೋಟಗಳ ನಡುವೆ ಹೊರಟೆವು. ಇಳಿಬಿಸಿಲಿನಲ್ಲಿ ಕಬ್ಬಾಳುದುರ್ಗ ಒಂಟಿಯಾಗಿ ಎದ್ದು ಕಾಣುತ್ತದೆ. ಹೈದರ್, ಟಿಪ್ಪು ಕಾಲದಲ್ಲಿ ಕೈದಿಗಳನ್ನು ಇಡುತ್ತಿದ್ದ ದುರ್ಗ. ಈಗ ಬುಡದಲ್ಲಿ ಕಬ್ಬಾಳಮ್ಮನ ಗುಡಿಗೆ ಹರಕೆ ಹೊತ್ತು ಬರುವವರ ಸಾಲು. ಡ್ರೈವರ್ ಚಪ್ಪಲಿ ಬಿಟ್ಟು ಒಳಗೆ ಹೋಗಿ ಬಂದು ಕಾರಿನ ಕನ್ನಡಿಗೆ ಕುಂಕುಮ ಇಟ್ಟರು.

ಕನಕಪುರಕ್ಕೆ ಬರುವಾಗ ಸಂಜೆ. ಹಳಬರ ಬಾಯಲ್ಲಿ ಇದಿನ್ನೂ ಕಾನಕಾನಹಳ್ಳಿ. ಇಲ್ಲಿ ಅರ್ಕಾವತಿಯ ಮೂರನೆಯ ಭೇಟಿ. ಬೆಳಗ್ಗೆ ಕಂಡ ಹೊಳೆಯೇ. ಆದರೆ ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬೈರಮಂಗಲದ ಕೆರೆ ದಾಟಿ ಬಂದು ಇದರೊಳಗೆ ಬೀಳುತ್ತದೆ. ಸೇತುವೆಯ ಮೇಲೆ ಕಾರು ನಿಲ್ಲಿಸಿ ಕಿಟಕಿ ಇಳಿಸಿದರೆ ಸಾಕು, ಬೆಳಗ್ಗೆ ನಾವು ಮುಖ ತೊಳೆದ ನೀರು ಎಲ್ಲಿ ಹೋಯಿತೆಂದು ತಿಳಿಯುತ್ತದೆ. ಈ ನೀರು ಸಂಗಮದಲ್ಲಿ ಕಾವೇರಿ ಸೇರುತ್ತದೆ. ಪ್ರವಾಸದ ಪಟ್ಟಿಯಲ್ಲಿ ಈ ಸೇತುವೆ ಎಲ್ಲೂ ಇಲ್ಲ. ನನ್ನನ್ನು ಕೇಳಿದರೆ ಬೆಂಗಳೂರಿನವರು ತಪ್ಪದೆ ನೋಡಬೇಕಾದ ಜಾಗ ಇದು.

ಮನೆ ಮುಂದೆ ಇಳಿದಾಗ ರಾತ್ರಿ ಎಂಟು. ಮಾತಾಡಿದ ಬಾಡಿಗೆಯ ಮೇಲೆ ಒಂದಷ್ಟು ಕೊಟ್ಟೆ, ಅವರು ಹಿಂದಿರುಗಿ ಹೋಗಬೇಕಾದ ದಾರಿಯ ಡೀಸೆಲ್ಲೂ ನಮ್ಮದೇ. ಗೂಡಿನ ಮಾರುಕಟ್ಟೆಯ ಹೊತ್ತು, ಹದ್ದಿನ ಹೊತ್ತು, ಓಣಿಯ ಲೇತು, ಕೊನೆಯ ಸೇತುವೆ, ಇವೆಲ್ಲ ಅವರ ತಲೆಯಲ್ಲಿದ್ದವು. ಯಾವ ಬೋರ್ಡಿನಲ್ಲೂ ಬರೆದಿಲ್ಲ.

ಟ್ಯಾಕ್ಸಿ ಕೊಳ್ಳುವ ನಿರುದ್ಯೋಗಿ ಯುವಕರಿಗೆ ನಮ್ಮ ಪ್ರವಾಸೋದ್ಯಮ ಇಲಾಖೆ ಸಹಾಯಧನ ಕೊಡುತ್ತ ಬಂದಿದೆ. ಒಳ್ಳೆಯ ಕೆಲಸ. ಅದರ ಜೊತೆಗೆ ಒಂದು ತಿಂಗಳ ತರಬೇತಿ ಕೊಡಲಿ. ಸ್ವಲ್ಪ ಚರಿತ್ರೆ, ಸ್ವಲ್ಪ ಕಲ್ಲಿನ ವಿಷಯ, ಸ್ವಲ್ಪ ಹಕ್ಕಿ-ಗಿಡದ ವಿಷಯ ಕಲಿಸಿ, ಶ್ರೀಲಂಕಾದವರು ಮಾಡಿದಂತೆ ಚಾಲಕ-ಮಾರ್ಗದರ್ಶಿ ಎಂದು ಪರವಾನಗಿ ಕೊಡಲಿ. ಊರಿನ ವಿಷಯ ಅವರಿಗೆ ಯಾರೂ ಕಲಿಸಬೇಕಿಲ್ಲ. ಓದುಗರಲ್ಲಿ ನನ್ನ ಕೋರಿಕೆ ಇನ್ನೂ ಚಿಕ್ಕದು. ಮುಂದಿನ ಸಲ ಮೈಸೂರಿಗೆ ಹೊರಟಾಗ ಬಿಡದಿಯ ಹತ್ತಿರ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೆಯ ರಸ್ತೆಗೆ ಇಳಿಯಿರಿ. ತಡವಾಗುವುದು ಸ್ವಲ್ಪವೇ. ಚನ್ನಪಟ್ಟಣದಲ್ಲಿ ಲೇತುಗಳು ಇನ್ನೂ ತಿರುಗುತ್ತಿವೆ.